ಗುದ್ದದೇ ಹೇಳಿದ ‘ಬಂತು’

ಹೆಡ್‌ಲೈಟ್ ಹತ್ತಲಿಲ್ಲ ಎಂದ ಕೂಡಲೇ ಬಲ್ಬು ಬಿಚ್ಚುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಿಚ್ಚಬೇಡಿ. ಬಲ್ಬು ಪಾಪದ್ದು. ಮೊದಲು ಅರ್ಥ್ ನೋಡಿ. ಕರೆಂಟು ಬ್ಯಾಟರಿಯಿಂದ ಹೊರಟು ಬಲ್ಬಿಗೆ ಬಂದರೆ ಕೆಲಸ ಮುಗಿಯುವುದಿಲ್ಲ. ಅದು ಗಾಡಿಯ ಕಬ್ಬಿಣದ ಮೈಯನ್ನು ಹಿಡಿದು ತಿರುಗಿ ಬ್ಯಾಟರಿಗೆ ಹೋಗಬೇಕು. ಆ ತಿರುಗಿ ಹೋಗುವ ದಾರಿಗೆ ನಾವು ಅರ್ಥ್ ಎನ್ನುತ್ತೇವೆ. ಬರುವ ದಾರಿಯನ್ನು ಎಲ್ಲರೂ ನೋಡುತ್ತಾರೆ, ತಿರುಗಿ ಹೋಗುವ ದಾರಿಯನ್ನು ಯಾರೂ ನೋಡುವುದಿಲ್ಲ. ತುಕ್ಕು ಹಿಡಿಯುವುದು ಅಲ್ಲೇ.

‘ಅಜ್ಜಾ, ಈಗ ಹಂಗೆಲ್ಲಾ ಇಲ್ಲ, ಇಡೀ ಲೈಟನ್ನs ಬದಲಿ ಮಾಡತೇವಿ’ ಎಂದು ನೀವು ನಗುತ್ತೀರಿ. ಬದಲಿ ಮಾಡಿ. ಆ ಹೊಸ ಲೈಟನ್ನೂ ಅದೇ ತುಕ್ಕು ಹಿಡಿದ ಸ್ಕ್ರೂಗೇ ಕಟ್ಟುತ್ತೀರಿ. ಮತ್ತೆ ಒಂದು ತಿಂಗಳಿಗೆ ಗಿರಾಕಿ ಬಂದು ನಿಂತಾಗ ಕಂಪನಿಯ ಮಾಲೇ ಸರಿಯಿಲ್ಲ ಎನ್ನುತ್ತೀರಿ. ನಾನು ಓದಿದ್ದು ಕನ್ನಡ ನಾಲ್ಕನೇ ಇಯತ್ತೆ. ಬರಹದಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ಕೆಲಸದ ಬಗ್ಗೆ ಹೇಳಿದ್ದನ್ನು ತಿದ್ದಲು ಬರಬೇಡಿ.

ಬರೆಯಲು ಇನ್ನೂ ಒಂದು ಕಾರಣವಿದೆ. ಶಿಗ್ಗಾಂವಿಯ ಚಹಾದಂಗಡಿಯಲ್ಲಿ ಕುಳಿತ ಹಳೆಯ ಡ್ರೈವರುಗಳು ಇವತ್ತಿಗೂ ಒಂದು ಮಾತಾಡುತ್ತಾರೆ: ‘ನಿಂಗಪ್ಪನ ಕೈ ಚಲೋ ಇತ್ತು. ಕಡೀಕ ಕೆಟ್ಟಿತು.’ ನಿಂಗಪ್ಪ ನನ್ನ ಅಣ್ಣ. ಅವನ ಕೈ ಎಂದೂ ಕೆಟ್ಟಿರಲಿಲ್ಲ. ಅದು ನನಗೆ ಗೊತ್ತು, ಏಕೆಂದರೆ ಕೆಟ್ಟ ಕೈ ನನ್ನದು.

ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ಹುಬ್ಬಳ್ಳಿಯ ಒಂದು ಬ್ಯಾಟರಿ ಅಂಗಡಿಯಲ್ಲಿ ಕೆಲಸ ಕಲಿತು ಬಂದು, ಶಿಗ್ಗಾಂವಿಯಲ್ಲಿ ಪುಣೆ–ಬೆಂಗಳೂರು ರಸ್ತೆಯ ಪಕ್ಕಕ್ಕೆ ಒಂದು ತಗಡಿನ ಶೆಡ್ಡು ಹಾಕಿದ. ಐವತ್ತರ ದಶಕ. ಲಾರಿ, ಬಸ್ಸು ಆ ರಸ್ತೆಯಲ್ಲೇ ಹೋಗುತ್ತಿದ್ದವು. ಕಾರುಗಳು ಎಣಿಸುವಷ್ಟೇ. ಹಾನಗಲ್ಲು, ಸವಣೂರು, ಹಿರೇಕೆರೂರುಗಳ ಗೌಡರು, ವ್ಯಾಪಾರಸ್ಥರು ಗಾಡಿಯ ಬೆಳಕು ಕೆಟ್ಟರೆ ನಮ್ಮಲ್ಲಿಗೇ ಬರಬೇಕಿತ್ತು. ಅಪ್ಪನಿಗೆ ಮಾತ್ರ ಇದು ಕೆಲಸವೆಂದೇ ಅನ್ನಿಸಲಿಲ್ಲ. ಹೊಲದಿಂದ ಸಂತೆಗೆ ಬಂದಾಗ ಶೆಡ್ಡಿನ ಮುಂದೆ ನಿಂತು, ‘ಹಗಲ ಹೊತ್ತಿನ್ಯಾಗ ದೀಪಾ ಹಚ್ಚಿ ನೋಡೂದು ಒಂದು ದುಡಿಮಿ ಏನ್ರಲೇ?’ ಎಂದು ನಕ್ಕು ಹೋಗುತ್ತಿದ್ದ.

ನಮ್ಮ ಹತ್ತಿರ ಇದ್ದದ್ದು ಇಕ್ಕಳ, ಚಾಕು, ತುಕ್ಕು ಉಜ್ಜುವ ಎಮರಿ ಕಾಗದ ಮತ್ತು ಟೆಸ್ಟ್ ಲ್ಯಾಂಪು. ಟೆಸ್ಟ್ ಲ್ಯಾಂಪು ಎಂದರೆ ಒಂದು ಸಣ್ಣ ಬಲ್ಬು, ಎರಡು ವೈರು. ಒಂದು ವೈರಿನ ತುದಿಗೆ ಮಸೆದು ಚೂಪು ಮಾಡಿದ ಸೈಕಲ್ಲಿನ ಕಡ್ಡಿ. ಆಗಿನ ವೈರುಗಳ ಮೇಲೆ ಬಟ್ಟೆಯ ಹೊದಿಕೆ ಇರುತ್ತಿತ್ತು. ಕಡ್ಡಿಯನ್ನು ಅದರೊಳಗೆ ಚುಚ್ಚಿದರೆ ಕರೆಂಟು ಎಲ್ಲಿಯವರೆಗೆ ಬಂದಿದೆ ಎಂದು ಬಲ್ಬು ಹೇಳುತ್ತಿತ್ತು.

ಲೈಟಿನ ಕೆಲಸಕ್ಕೆ ಯಾವಾಗಲೂ ಇಬ್ಬರು. ಒಬ್ಬ ಒಳಗೆ ಸೀಟಿನಲ್ಲಿ ಕುಳಿತು ಸ್ವಿಚ್ಚು ಹಾಕಬೇಕು, ಎದುರಿಗೆ ಕರೆಂಟು ಅಳೆಯುವ ಆಂಪಿಯರ್ ಮುಳ್ಳನ್ನು ನೋಡಬೇಕು. ಇನ್ನೊಬ್ಬ ಹೊರಗೆ ಲೈಟಿನ ಮುಂದೆ. ಸೀಟಿನವನು ‘ಬಂತೇನೋ?’ ಎಂದು ಕೂಗಬೇಕು. ಹೊರಗಿನವನು ಕೂಡಲೇ ‘ಬಂತು’ ಎನ್ನುವ ಹಾಗಿಲ್ಲ. ಬಿಸಿಲಲ್ಲಿ ಗಾಜು ತಾನೇ ಹೊಳೆಯುತ್ತದೆ, ಬಲ್ಬು ಹತ್ತಿದ್ದೋ ಸೂರ್ಯನೋ ತಿಳಿಯುವುದಿಲ್ಲ. ಎರಡೂ ಅಂಗೈಗಳಿಂದ ಗಾಜಿಗೆ ನೆರಳು ಮಾಡಿ, ಒಳಗೆ ಕಣ್ಣಿಟ್ಟು ನೋಡಬೇಕು. ನೋಡಿದ ಮೇಲೆ ಮಡ್‌ಗಾರ್ಡಿಗೆ ಮುಷ್ಟಿ ಕಟ್ಟಿ ಗುದ್ದಬೇಕು, ಮೆಲ್ಲಗಲ್ಲ. ಬೆಳಕು ಮಿಟುಕಿದರೆ ಎಲ್ಲೋ ಸಡಿಲಿದೆ ಎಂದು ಅರ್ಥ. ಮಿಟುಕದಿದ್ದರೆ ಮಾತ್ರ ‘ಬಂತು’. ಇದು ಅಣ್ಣನ ಕಟ್ಟಪ್ಪಣೆ.

‘ಅಲುಗಾಡದs ನಿಂತು ಹತ್ತೂದು ದೇವರ ಮನಿ ದೀಪ,’ ಎನ್ನುತ್ತಿದ್ದ. ‘ಇದು ನಮ್ಮ ರಸ್ತೇದಾಗ ಓಡೂ ದೀಪ. ಗುದ್ದಲೇ.’

ನಾನು ಗುದ್ದುತ್ತಿದ್ದೆ. ಬೈಸಿಕೊಳ್ಳುತ್ತಲೂ ಇದ್ದೆ. ಒಮ್ಮೆ ಲಾರಿಯ ಫ್ಯೂಜು ಸುಟ್ಟಿತ್ತು, ಹೊಸದು ಇರಲಿಲ್ಲ. ಡ್ರೈವರ್ ಅವಸರ ಮಾಡುತ್ತಿದ್ದ. ಸಿಗರೇಟು ಪಾಕೀಟಿನ ಬೆಳ್ಳಿ ಕಾಗದವನ್ನು ಸುತ್ತಿ ಫ್ಯೂಜಿನ ಜಾಗಕ್ಕೆ ತುರುಕಿದೆ. ಲೈಟು ಜಗ್ಗೆಂದು ಹತ್ತಿತು. ಅಣ್ಣ ಬಂದು ನೋಡಿದವನೇ ಕೈಯಲ್ಲಿದ್ದ ಇಕ್ಕಳವನ್ನು ನನ್ನ ಕಾಲ ಹತ್ತಿರ ಎಸೆದ.

‘ಫ್ಯೂಜು ಸುಟ್ಟರ ಗಾಡಿ ಉಳೀತೈತಿ. ಇದನ್ನ ಹಾಕಿದರ ಫ್ಯೂಜು ಉಳದು ಗಾಡಿ ಸುಡತೈತಿ. ಯಾವುದು ಬೇಕಲೇ ನಿನಗ?’

ಡ್ರೈವರ್ ಒಬ್ಬ ನೋಡುತ್ತಿರುವಾಗ ಬೈದದ್ದು ನನಗೆ ನಾಟಿತು. ಆ ವಯಸ್ಸಿನಲ್ಲಿ ಕೆಲಸಕ್ಕಿಂತ ಮಾನ ದೊಡ್ಡದು.

ಅಣ್ಣ ಗಾಡಿಯ ಕೇಡು ಹುಡುಕುತ್ತಿದ್ದ ರೀತಿಯನ್ನು ಹೇಳದಿದ್ದರೆ ಅವನು ಎಂಥವನೆಂದು ನಿಮಗೆ ತಿಳಿಯುವುದಿಲ್ಲ. ಸವಣೂರಿನ ಒಬ್ಬ ವೀಳ್ಯದೆಲೆ ಸಾಹುಕಾರರ ಬಳಿ ಹಳೆಯ ಸಣ್ಣ ಲಾರಿಯೊಂದಿತ್ತು. ಎಲೆಯ ಬುಟ್ಟಿಗಳನ್ನು ಹೇರಿಕೊಂಡು ಯಲವಿಗಿ ಸ್ಟೇಶನ್ನಿಗೆ ಹೋಗುತ್ತಿತ್ತು. ವಾರಕ್ಕೊಮ್ಮೆ ಎರಡೂ ಬಲ್ಬು ಒಟ್ಟಿಗೆ ಸುಡುತ್ತಿದ್ದವು. ನಾನು ಹೊಸದು ಹಾಕಿ ಕಳಿಸುತ್ತಿದ್ದೆ. ಅವು ಮತ್ತೆ ಸುಡುತ್ತಿದ್ದವು.

‘ನಿಂಗಪ್ಪಾ, ನಾ ಎಲಿ ವ್ಯಾಪಾರಿನೋ ಬಲ್ಬಿನ ವ್ಯಾಪಾರಿನೋ ನನಗs ತಿಳೀವಲ್ದಪಾ,’ ಎಂದು ಸಾಹುಕಾರರು ಬಂದು ಕುಳಿತರು.

ಅಣ್ಣ ಲಾರಿಯ ಸುತ್ತ ಒಂದು ಸುತ್ತು ಹಾಕಿ ಬಂದ. ‘ಸಾಹುಕಾರ್ರ, ನೀವು ಖಾಲಿ ಗಾಡಿ ತಂದ್ರ ಹೆಂಗ್ರಿ? ಎಲಿ ಹೇರಿಕೊಂಡು ಬರ್ರಿ.’

‘ಯಾಕಪಾ, ಎಲಿಗೂ ಲೈಟ್ ಹಾಕಾಂವೇನು?’

‘ಬರ್ರಿ ನೀವು.’

ಮರುದಿನ ಲಾರಿ ಎಲೆ ಹೇರಿಕೊಂಡು ಬಂತು. ಎಲೆ ಬಾಡಬಾರದೆಂದು ಬುಟ್ಟಿಗಳ ಮೇಲೆ ನೀರು ಚಿಮುಕಿಸಿದ್ದರು. ಅಣ್ಣ ಲಾರಿಯ ಕೆಳಗೆ ಅಂಗಾತ ಮಲಗಿ ಬಹಳ ಹೊತ್ತು ಸುಮ್ಮನೆ ನೋಡಿದ. ಹಲಗೆಯ ಸಂದಿಯಿಂದ ನೀರು ಹನಿಹನಿಯಾಗಿ ಸೋರಿ ಬ್ಯಾಟರಿಯ ಅರ್ಥ್ ಪಟ್ಟಿಯ ಮೇಲೇ ಬೀಳುತ್ತಿತ್ತು. ಪಟ್ಟಿ ಹಸಿರುಗಟ್ಟಿ, ಕೈ ಹಚ್ಚಿದರೆ ಉದುರುವಂತಿತ್ತು. ಆ ಗಾಡಿಯ ಡ್ರೈವರ್ ಯಾವಾಗಲೂ ಹ್ಯಾಂಡಲ್ ತಿರುವಿಯೇ ಚಾಲು ಮಾಡುತ್ತಿದ್ದುದರಿಂದ ಬ್ಯಾಟರಿಯ ಕಡೆ ಯಾರ ಲಕ್ಷ್ಯವೂ ಹೋಗಿರಲಿಲ್ಲ. ಡೈನಮೊ ಹುಟ್ಟಿಸುವ ಕರೆಂಟಿಗೆ ಬ್ಯಾಟರಿ ಕೆರೆ ಇದ್ದ ಹಾಗೆ. ಹೆಚ್ಚಾದದ್ದನ್ನು ಅದು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಕೆರೆಗೆ ಹೋಗುವ ಕಾಲುವೆಯೇ ಮುಚ್ಚಿದರೆ ನೀರೆಲ್ಲ ಹೊಲಕ್ಕೆ ನುಗ್ಗಿದಂತೆ, ಅಷ್ಟೂ ಕರೆಂಟು ಬಲ್ಬಿಗೆ ನುಗ್ಗಿ ಅದನ್ನು ಸುಡುತ್ತಿತ್ತು. ಹೊಸ ಪಟ್ಟಿ ಹಾಕಿ, ಬ್ಯಾಟರಿಯ ಮೇಲೊಂದು ತಗಡು ಹೊದಿಸಿದೆವು. ಸಾಹುಕಾರರು ಒಂದು ಪೆಂಡಿ ಎಲೆ ತೆಗೆದು ಅಣ್ಣನ ಕೈಗಿಟ್ಟು, ‘ನೀ ಮನಶಾ ಅಲ್ಲಪಾ’ ಎಂದರು. ಅದು ಅವರು ಮಾಡುವ ದೊಡ್ಡ ಹೊಗಳಿಕೆ.

ನಾಲ್ಕು ತಾಲೂಕಿನಲ್ಲಿ ಅಣ್ಣನ ಹೆಸರು ಇದ್ದದ್ದು ಹೀಗೆ. ಅದನ್ನು ನಾನು ಕೆಡಿಸಿದ್ದು ಒಂದೇ ಒಂದು ಮಾತಿನಿಂದ.

ಹಾನಗಲ್ಲು ಕಡೆಯ ಒಬ್ಬ ಗೌಡರ ಕಾರು ಬಂದಿತ್ತು. ಆಗಷ್ಟೇ ಹೊಸ ಬಣ್ಣ ಹೊಡೆಸಿದ್ದರು. ಮುಖ ನೋಡಿಕೊಳ್ಳಬಹುದು, ಅಷ್ಟು ಹೊಳಪು. ಬಣ್ಣ ಹೊಡೆಸಿದಂದಿನಿಂದ ಬಲಗಡೆಯ ಹೆಡ್‌ಲೈಟು ಒಮ್ಮೆ ಹತ್ತುತ್ತಿತ್ತು, ಒಮ್ಮೆ ಇಲ್ಲ. ಗೌಡರು ಆ ಸಂಜೆ ಮಗಳ ಸಂಬಂಧದ ಮಾತಿಗೆ ಹಿರೇಕೆರೂರಿಗೆ ಹೋಗುವವರಿದ್ದರು. ಕಾರು ತಂದವನು ಅವರ ಡ್ರೈವರ್ ಯಲ್ಲಪ್ಪ.

ಅಣ್ಣ ನೋಡಿದ ಕೂಡಲೇ ಹೇಳಿದ. ‘ಬಣ್ಣ ಅರ್ಥ್ ಸ್ಕ್ರೂನ ಬುಡಕ್ಕ ಇಳದೈತಿ. ಸುತ್ತಲೂ ಕೆರದು ಬರೇ ಕಬ್ಬಿಣ ಕಾಣೂ ಹಂಗ ಮಾಡು, ಬಿಗಿ ಮಾಡು.’ ಹೇಳಿ ಸೀಟಿಗೆ ಹೋಗಿ ಕುಳಿತ.

ನಾನು ಚಾಕು ತೆಗೆದೆ. ಯಲ್ಲಪ್ಪ ನನ್ನ ಕೈ ಹಿಡಿದ.

‘ಏ ಫಕೀರಪ್ಪಾ, ಕೆರೀಬ್ಯಾಡೋ ಮಾರಾಯಾ! ಮೊನ್ನೆ ಹೊಡಿಸಿದ ಬಣ್ಣ ಐತಿ.’

‘ಒಳಗಿನ ಬಾಜೂಕ ಕೆರೀತೇನಿ, ಕಾಣೂದಿಲ್ಲ.’

‘ಒಳಗನೂ ನೋಡತಾರ ನಮ್ಮ ಗೌಡ್ರು. ಅವರದು ಹದ್ದಿನ ಕಣ್ಣು.’

ಸ್ಕ್ರೂ ತಲೆಯ ಕೆಳಗೆ ಉಗುರಿನಷ್ಟೇ ಜಾಗ ಕೆರೆದು ವೈರು ಸಿಕ್ಕಿಸಿದೆ. ಆ ದಿನಗಳಲ್ಲಿ ನಾನು ಹುಬ್ಬಳ್ಳಿಯಿಂದ ಒಂದು ಹಳೆಯ ಮೀಟರು ಕೊಂಡು ತಂದಿದ್ದೆ. ಅದನ್ನು ಹಿಡಿದರೆ ಗಿರಾಕಿಗಳು ನನಗೂ ‘ರಿ’ ಹಚ್ಚಿ ಮಾತಾಡುತ್ತಿದ್ದರು. ಮೀಟರು ಹಿಡಿದೆ, ಮುಳ್ಳು ಪೂರಾ ಬಂತು. ಹುಡುಗರೇ, ಇದನ್ನು ನೆನಪಿಡಿ: ಮೀಟರು ಕರೆಂಟು ಎಳೆಯುವುದೇ ಇಲ್ಲ ಎನ್ನುವಷ್ಟು ಕಡಿಮೆ ಎಳೆಯುತ್ತದೆ. ಕೂದಲೆಳೆಯಷ್ಟು ತಾಗಿದ್ದರೂ ಅದು ಪೂರಾ ತೋರಿಸುತ್ತದೆ. ಟೆಸ್ಟ್ ಲ್ಯಾಂಪು ಹಾಗಲ್ಲ, ಅದಕ್ಕೆ ಹೊಟ್ಟೆ ತುಂಬ ಬೇಕು, ಕಡಿಮೆಯಾದರೆ ಮಂಕಾಗುತ್ತದೆ. ನನಗೆ ಆಗ ಇದು ಗೊತ್ತಿರಲಿಲ್ಲ. ಅಣ್ಣನಿಗೆ ಗೊತ್ತಿತ್ತು. ಕೇಳಬಹುದಿತ್ತು.

ಒಳಗಿನಿಂದ ಅಣ್ಣ ಕೂಗಿದ. ‘ಬಂತೇನೋ?’

ಗಾಜಿಗೆ ಕೈ ಅಡ್ಡ ಹಿಡಿದು ನೋಡಿದೆ. ಹತ್ತಿತ್ತು. ಮುಷ್ಟಿ ಕಟ್ಟಿ ಎತ್ತಿದೆ. ಯಲ್ಲಪ್ಪ ಮಡ್‌ಗಾರ್ಡಿಗೆ ಅಡ್ಡ ನಿಂತು ಪಿಸುಗುಟ್ಟಿದ.

‘ಇದಕ್ಕ ಗುದ್ದಿದರ ಗೌಡ್ರು ನನಗ ಗುದ್ದತಾರೋ. ಕೈ ಮುಗೀತೇನಿ.’

ಮುಷ್ಟಿ ಇಳಿಸಿದೆ. ‘ಬಂತು!’ ಎಂದು ಕೂಗಿದೆ.

‘ಗುದ್ದಿದೇನು?’

‘ಗುದ್ದೇನಿ!’

ಒಳಗೆ ಸ್ವಿಚ್ಚು ಆರಿಸಿದ ಸಪ್ಪಳ ತಡವಾಗಿ ಕೇಳಿತು. ಕಾರು ಹೋಯಿತು.

ಮುಂದಿನದು ಯಲ್ಲಪ್ಪನೇ ನನಗೆ ಹೇಳಿದ್ದು. ಹಿರೇಕೆರೂರಿನ ಹತ್ತಿರ ರಸ್ತೆ ಕೆಟ್ಟಿದ್ದಲ್ಲಿ, ಕತ್ತಲಾದ ಮೇಲೆ, ಬಲಗಡೆಯ ಲೈಟು ಆರಿತು. ಎಡಗಡೆಯದು ಹತ್ತಿದೆಯಲ್ಲ ಎಂದು ಅವನು ನಿಲ್ಲಿಸಲಿಲ್ಲ. ಎದುರಿಗೆ ಎತ್ತಿನ ಚಕ್ಕಡಿಯೊಂದು ಬರುತ್ತಿತ್ತು. ಚಕ್ಕಡಿಯವನಿಗೆ ಕಂಡದ್ದು ಒಂದೇ ಬೆಳಕು. ಯಾವುದೋ ಫಟಫಟಿ, ಮೋಟರ್‌ಸೈಕಲ್ಲು, ಬರುತ್ತಿದೆ ಎಂದುಕೊಂಡು ಅದಕ್ಕೆ ಸಾಕಾಗುವಷ್ಟೇ ದಾರಿ ಬಿಟ್ಟ. ಆ ಬೆಳಕಿನ ಪಕ್ಕಕ್ಕೆ, ಚಕ್ಕಡಿಯ ಕಡೆಗೇ, ಕತ್ತಲಲ್ಲಿ ಅರ್ಧ ಕಾರು ಇತ್ತು.

ಚಕ್ಕಡಿಯವನ ಕೈ ಮುರಿಯಿತು. ಒಂದು ಎತ್ತು ಮತ್ತೆ ಏಳಲಿಲ್ಲ. ಗೌಡರ ಹಣೆ ಒಡೆಯಿತು.

ಎರಡು ದಿನದ ಮೇಲೆ ಗೌಡರು ಹಣೆಗೆ ಪಟ್ಟಿ ಕಟ್ಟಿಕೊಂಡು ಬೇರೆಯವರ ಗಾಡಿಯಲ್ಲಿ ಬಂದರು. ಯಲ್ಲಪ್ಪ ಅವರ ಹಿಂದೆ ತಲೆ ತಗ್ಗಿಸಿ ನಿಂತಿದ್ದ. ಶೆಡ್ಡಿನಲ್ಲಿ ಇನ್ನೂ ಮೂರ್ನಾಲ್ಕು ಡ್ರೈವರುಗಳಿದ್ದರು. ಗೌಡರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

‘ನಿಂಗಪ್ಪ, ಲೈಟ್ ನೋಡಿದಾವ್ರು ಯಾರು?’

ಅಣ್ಣ ನನ್ನ ಕಡೆ ತಿರುಗಲಿಲ್ಲ. ಕೈಯಲ್ಲಿದ್ದ ಟೆಸ್ಟ್ ಲ್ಯಾಂಪಿನ ವೈರನ್ನು ಸುತ್ತಿ ಮೇಜಿನ ಮೇಲಿಟ್ಟ.

‘ನಾನs ನೋಡೇನ್ರಿ ಗೌಡ್ರ.’

‘ಗುದ್ದಿ ನೋಡಿದ್ದೇನು? ನಿನ್ನ ಗುದ್ದಿನ ಸುದ್ದಿ ಊರಿಗೆಲ್ಲಾ ಹೇಳತಿದ್ದೆ ನಾ.’

‘ಇಲ್ರಿ. ಬಿಟ್ಟೆ.’

ನಾನು ಅಲ್ಲೇ ನಿಂತಿದ್ದೆ. ಬಾಯಿ ಇತ್ತು, ನಾಲಿಗೆ ಇತ್ತು. ಯಲ್ಲಪ್ಪನೂ ಇದ್ದ. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಇಬ್ಬರೂ ಸುಮ್ಮನಾದೆವು. ಗೌಡರು, ‘ಮೂಕ ಪ್ರಾಣಿ ಹೋತಲ್ಲೋ ನಿಂಗಪ್ಪಾ’ ಎಂದಷ್ಟೇ ಹೇಳಿ ಹೊರಟುಹೋದರು.

ಆಮೇಲೆ ಗಾಡಿಗಳು ಬರುವುದು ನಿಲ್ಲಲಿಲ್ಲ. ಆದರೆ ಡ್ರೈವರುಗಳು ಶೆಡ್ಡಿನೊಳಗೆ ಇಣುಕಿ, ‘ಲೈಟಿಗೆ ಫಕೀರಪ್ಪ ಬರಲಿ’ ಎನ್ನತೊಡಗಿದರು. ಅಣ್ಣ ಎದುರಿಗೇ ಇರುತ್ತಿದ್ದ. ಕೆಲವು ತಿಂಗಳು ನೋಡಿದ. ಒಂದು ದಿನ ಟೆಸ್ಟ್ ಲ್ಯಾಂಪನ್ನು ನನ್ನ ಕೈಗೆ ಕೊಟ್ಟು, ‘ಕಡ್ಡಿ ಆಗಾಗ ಮಸೀತಿರು’ ಎಂದು ಹೇಳಿ ತನ್ನ ಹೆಂಡತಿ, ನಮ್ಮ ವೈನಿಯನ್ನು ಕರೆದುಕೊಂಡು ಸವಣೂರಿಗೆ ಹೋದ. ಎಲೆ ಸಾಹುಕಾರರ ಸಂಬಂಧಿಕರ ಹಿಟ್ಟಿನ ಗಿರಣಿಯಲ್ಲಿ ಇಂಜಿನ್ನು ನೋಡಿಕೊಳ್ಳುವ ಕೆಲಸ. ಕೇಡು ಹುಡುಕಲು ಹುಟ್ಟಿದ ಕೈ ಆಮೇಲೆ ಜೋಳದ ಚೀಲ ಎತ್ತಿಹಾಕಿತು.

ನಾನು ‘ಲೈಟ್ ಫಕೀರಪ್ಪ’ ಆದೆ.

ಅಂದಿನಿಂದ ನನ್ನ ಶೆಡ್ಡಿನಿಂದ ಗುದ್ದಿಸಿಕೊಳ್ಳದೆ ಒಂದು ಗಾಡಿಯೂ ಹೋಗಲಿಲ್ಲ. ಇದರಲ್ಲಿ ನಾನು ಯಾರ ಮುಲಾಜೂ ನೋಡಿಲ್ಲ. ಒಮ್ಮೆ ಹಿರೇಕೆರೂರಿಗೆ ಕರೆಸಿದ್ದರು, ಯಾವುದೋ ಇಲಾಖೆಯ ಸಾಹೇಬರ ಜೀಪು. ಕೆಲಸ ಮುಗಿಸಿ ಮುಷ್ಟಿ ಕಟ್ಟಿದೆ. ಸಾಹೇಬರು ಹೌಹಾರಿದರು.

‘ಏಯ್, ಸರಕಾರದ ಗಾಡಿ ಅದು!’

‘ಹೌದ್ರಿ. ರಸ್ತೆನೂ ಸರಕಾರದ್ದs ಐತ್ರಿ. ಅದು ಗುದ್ದೂಕಿಂತ ಮೊದಲ ನಾ ಗುದ್ದತೇನ್ರಿ.’

‘ತಗ್ಗು ಬಿದ್ದರ ಯಾರು ಜವಾಬ್ದಾರು?’

‘ತಗ್ಗಿಗೆ ನಾನ್ರಿ. ಗುದ್ದಬ್ಯಾಡ ಅಂದ್ರ ವೈರು ಬಿಚ್ಚಿ ಮೊದಲಿದ್ದಂಗ ಇಟ್ಟು ಹೋಗತೇನಿ. ಕಂದೀಲು ಕಟ್ಟಿಕೊಂಡು ಅಡ್ಡಾಡ್ರಿ.’

ಅವರ ಜವಾನ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕ. ನಾನು ಗುದ್ದಿದೆ. ಲೈಟು ಮಿಟುಕಿತು. ಸಾಹೇಬರು ಒಳಗೆ ಹೋಗಿ ಚಹಾ ಕಳಿಸಿದರು. ಈ ಕಥೆಯನ್ನು ಜನ ಬಹಳ ಕಡೆ ಹೇಳಿಕೊಂಡು ತಿರುಗಿದರು. ‘ಫಕೀರಪ್ಪ ಭಾರಿ ಖಡಕ್ಕು’ ಎನ್ನಿಸಿಕೊಂಡೆ. ಆ ಖಡಕ್ಕು ಅಣ್ಣನದು. ನಾನು ಅದನ್ನು ತೊಟ್ಟುಕೊಂಡು ತಿರುಗುತ್ತಿದ್ದೆ.

ಅರವತ್ತರ ದಶಕ ಮುಗಿಯುವಷ್ಟರಲ್ಲಿ ಕೆಲಸವೇ ಬದಲಾಯಿತು. ಆರು ವೋಲ್ಟಿನ ಬ್ಯಾಟರಿ ಹೋಗಿ ಹನ್ನೆರಡರದ್ದು ಬಂತು. ಬಟ್ಟೆಯ ವೈರು ಹೋಗಿ ಪ್ಲಾಸ್ಟಿಕ್ಕಿನದು ಬಂತು, ಒಂದೊಂದಕ್ಕೂ ಒಂದೊಂದು ಬಣ್ಣ. ಕೆಲಸ ಹಗುರವಾಯಿತು, ಸುಳ್ಳು ಯಾಕೆ ಹೇಳಲಿ, ಅದಕ್ಕೆ ನನ್ನದೇನೂ ತಕರಾರಿಲ್ಲ. ಆದರೆ ಸ್ಕ್ರೂನ ಬುಡಕ್ಕೆ ತುಕ್ಕು ಬರುವುದು ಇಂದಿಗೂ ನಿಂತಿಲ್ಲ.

ಹಬ್ಬಕ್ಕೆ, ಮದುವೆಗೆ ಅಣ್ಣನೂ ನಾನೂ ಸೇರುತ್ತಿದ್ದೆವು. ಮಳೆ, ಬೆಳೆ, ಮಕ್ಕಳ ಮಾತು ಎಲ್ಲ ಆಗುತ್ತಿತ್ತು. ಗಾಡಿಯ ಮಾತು ಬಂದರೆ ಅವನು ಎದ್ದು ಎಮ್ಮೆಗೆ ನೀರು ಕುಡಿಸಲು ಹೋಗುತ್ತಿದ್ದ. ನನ್ನ ಕೈ ನಡುಗಲು ಶುರುವಾಗಿ ಶೆಡ್ಡು ಮುಚ್ಚಿದ ಮೇಲೆ, ಇನ್ನು ಕಳೆದುಕೊಳ್ಳಲು ಏನೂ ಇಲ್ಲದಾಗ ನನಗೆ ಧೈರ್ಯ ಬಂತು. ನನ್ನ ಧೈರ್ಯದ ಬೆಲೆ ಅಷ್ಟೇ. ಸವಣೂರಿಗೆ ಹೋದೆ. ಅಣ್ಣ ಕಟ್ಟೆಯ ಮೇಲೆ ಕುಳಿತು ಅಡಕೆ ಕತ್ತರಿಸುತ್ತಿದ್ದ. ವೈನಿ ಒಳಗಿದ್ದರು.

‘ಅಣ್ಣಾ, ಆ ಗೌಡ್ರ ಗಾಡಿಗೆ ನಾ ಗುದ್ದಿರಲಿಲ್ಲ. ಗುದ್ದೇನಿ ಅಂತ ಸುಳ್ಳ ಹೇಳಿದೆ.’

ಅವನು ಅಡಕೊತ್ತು ನಿಲ್ಲಿಸಲಿಲ್ಲ. ‘ಗೊತ್ತೈತಿ.’

‘ಯಾರು ಹೇಳಿದ್ರು? ಯಲ್ಲಪ್ಪ?’

‘ಯಾರ್ಯಾಕ ಹೇಳಬೇಕು? ಸೀಟಿನ್ಯಾಗ ಕುಂತಾಂವ ನಾನು. ಗುದ್ದಿದರ ಬೆನ್ನಿಗೆ ಬಡೀತೈತಿ. ಮುಳ್ಳು ಅಲುಗತೈತಿ. ಏನೂ ಆಗಲಿಲ್ಲ.’

‘ಮತ್ತ ಯಾಕ ಇಳದು ಬರಲಿಲ್ಲ?’

‘ಇಳದು ಬಂದು ಏನ ಮಾಡ್ಲಿ? ಡ್ರೈವರ್ ಮುಂದ ನಿನ್ನ ಸುಳ್ಳಗಾರನ ಮಾಡ್ಲೇನು? ಬೆಳ್ಳಿ ಕಾಗದದ ದಿನಾ ಬೈದಾಗ ನಿನ್ನ ಮಾರಿ ನೋಡಿದ್ದೆ ನಾ. ಊಟಾ ಬಿಟ್ಟಿದ್ದಿ. ಹೋಗಲಿ, ಒಂದು ಸಲಾ ತಡೀತೈತಿ ಅಂತ ಬಿಟ್ಟೆ.’ ಹೋಳನ್ನು ಬಾಯಿಗೆ ಹಾಕಿಕೊಂಡ. ‘ಗೊತ್ತಿದ್ದೂ ಗಾಡಿ ಬಿಟ್ಟಾಂವ ನಾನು. ನೀ ಸುಳ್ಳು ಹೇಳಿದಿ, ನಾ ಸುಳ್ಳು ಅಂತ ಗೊತ್ತಿದ್ದು ಬಿಟ್ಟೆ. ಗೌಡ್ರಿಗೆ ನಾ ಹೇಳಿದ್ದು ಖರೇನs ಐತಿ.’

‘ಇಲ್ಲ,’ ಎಂದೆ.

‘ಏನಿಲ್ಲ?’

‘ಅದನ್ನ ನಿನಗ ಕೊಡೂದಿಲ್ಲ. ಹೆಸರು ಕೊಟ್ಟಿ, ಶೆಡ್ಡು ಕೊಟ್ಟಿ, ತಗೊಂಡೆ. ಈ ತಪ್ಪು ನಂದು.’

‘ಮೆಲ್ಲಕ ಮಾತಾಡಲೇ, ಓಣಿ ಮಂದಿ ಕೇಳತಾರ.’

‘ಕೇಳಲಿ!’

ವೈನಿ ಬಾಗಿಲಿಗೆ ಬಂದು ನಿಂತರು. ‘ಇದೇನ್ರೀ ಇದು? ಆಸ್ತಿಗೆ ಜಗಳಾ ಮಾಡೂ ಅಣ್ಣತಮ್ಮರನ್ನ ನೋಡೇನಿ. ನೀವು ತಪ್ಪಿಗೆ ಜಗಳಾಡತೀರಿ!’

ಅಣ್ಣ ಬಹಳ ವರ್ಷಗಳ ಮೇಲೆ ಮನಸ್ಸು ಬಿಟ್ಟು ನಕ್ಕ. ನನಗೆ ನಗು ಬರಲಿಲ್ಲ. ಇದನ್ನು ಬರೆದು ಅಚ್ಚು ಹಾಕಿಸುತ್ತೇನೆ ಎಂದೆ. ಅವನ ನಗು ನಿಂತಿತು.

‘ಬರೀಬ್ಯಾಡ. ನಿನ್ನ ಹೆಸರಿಗೆ ನಾಲ್ಕು ತಾಲೂಕಿನಾಗ ಒಂದು ಮರ್ಯಾದಿ ಐತಿ. ಇಬ್ಬರೊಳಗ ಒಬ್ಬಂದಾದ್ರೂ ಉಳೀಲಿ. ನನ್ನ ಮಾತು ಕೇಳು.’

ಕೇಳುವುದಿಲ್ಲ. ಶಿಗ್ಗಾಂವಿಯ ಚಹಾದಂಗಡಿಯಲ್ಲಿ ಇನ್ನು ಯಾರಾದರೂ ‘ನಿಂಗಪ್ಪನ ಕೈ ಕೆಟ್ಟಿತು’ ಎಂದರೆ ಈ ಹಾಳೆಗಳನ್ನು ಅವರ ಮುಂದೆ ಹಿಡಿಯಿರಿ. ಅವನು ಕೆರೆಯಲು ಹೇಳಿದ್ದ, ಬಿಗಿ ಮಾಡಲು ಹೇಳಿದ್ದ, ಗುದ್ದಿದೆಯಾ ಎಂದು ಕೇಳಿದ್ದ. ಮೂರಕ್ಕೂ ಉತ್ತರ ಕೊಡಬೇಕಾದವನು ನಾನು, ಲೈಟ್ ಫಕೀರಪ್ಪ.

ಕೆಲಸದಲ್ಲಿ ಅಣ್ಣನ ಮಾತನ್ನು ನಾನು ಒಮ್ಮೆ ಮೀರಿದೆ. ಒಂದು ಎತ್ತು ಸತ್ತಿತು, ಒಬ್ಬನ ಕೈ ಮುರಿಯಿತು, ಅಣ್ಣ ಹಿಟ್ಟಿನ ಗಿರಣಿಗೆ ಹೋದ. ಈಗ ಎರಡನೆಯ ಸಲ ಮೀರುತ್ತಿದ್ದೇನೆ. ಈ ಸಲ ಗುದ್ದಿಯೇ ಹೇಳುತ್ತಿದ್ದೇನೆ.